ಕಾರ್ಡಿನ ಮೂಲೆಯ ರುಜು

ಅಲ್ರೀ, ಹಳೇ ಅಂಚೆಕಾರ್ಡು ಕೈಗೆ ಸಿಕ್ಕರೆ ಚಿತ್ರ ನೋಡಿ ಅಷ್ಟಕ್ಕೇ ಇಟ್ಟುಬಿಡಬೇಡಿ, ತಿರುವಿ ಹಿಂಬದಿಯನ್ನೂ ಓದಿ. ಮೊದಲ ಮಹಾಯುದ್ಧದ ಕಾಲದ ಸಿಪಾಯಿ ತಮಾಷೆಯ ಕಾರ್ಡುಗಳ ಹುಚ್ಚು ಹಿಡಿದಾಗಿನಿಂದ ನಾನು ಸಿಕ್ಕವರಿಗೆಲ್ಲ ಇದನ್ನೇ ಹೇಳ್ತೀನಿ.

ಆ ಯುದ್ಧದ ನಗೆಚಿತ್ರ ಅಂದರೆ ಎಲ್ಲರ ಬಾಯಲ್ಲೂ ಬ್ರೂಸ್ ಬೈರ್ನ್ಸ್‌ಫಾದರ್ ಹೆಸರು. 1887ರಲ್ಲಿ ಆಗಿನ ಪಂಜಾಬಿನ ಮರ್ರಿಯಲ್ಲಿ ಹುಟ್ಟಿದವನು. ಪೊದೆಮೀಸೆಯ 'ಓಲ್ಡ್ ಬಿಲ್'ನನ್ನು ಸೃಷ್ಟಿಸಿ ಲೋಕಪ್ರಸಿದ್ಧನಾದ. ಅವನು ಸೇನಾಧಿಕಾರಿ, ಚಿತ್ರ ಅಚ್ಚುಹಾಕೋಕೆ ಲಂಡನ್ನಿನ ದೊಡ್ಡ ಪತ್ರಿಕೆಯೇ ಇತ್ತು. ನನ್ನ ಮನಸ್ಸು ಮಾತ್ರ ಫರ್ಗಸ್ ಮಕೇನ್ ಕಡೆಗೇ ಹೋಗುತ್ತೆ. ಕೆನಡಾದಲ್ಲಿ ಹುಟ್ಟಿ, ನ್ಯೂಯಾರ್ಕಿನಲ್ಲಿ ಚಿತ್ರ ಬರೆದು ಬದುಕುತ್ತಿದ್ದವನು. ಯುದ್ಧ ಬಂದಾಗ ಬ್ರಿಟಿಷ್ ಸೇನೆಯ ರಾಯಲ್ ಫ್ಯುಸಿಲಿಯರ್ಸ್ ಪಲ್ಟನ್ ಸೇರಿದ ಸಾಮಾನ್ಯ ಸಿಪಾಯಿ. 'ಸ್ಕೆಚಸ್ ಆಫ್ ಟಾಮೀಸ್ ಲೈಫ್' (ಟಾಮಿ ಅಂದರೆ ಬ್ರಿಟಿಷ್ ಸಿಪಾಯಿ) ಅನ್ನೋ ಅವನ ಕಾರ್ಡುಗಳಲ್ಲಿ ನಾಲ್ಕು ಮಾಲೆ: ತರಬೇತಿ, ನೆಲೆ, ಕಂದಕ, ವಿಶ್ರಾಂತಿ. ಸಿಪಾಯಿಯ ಬದುಕು ಪೂರಾ ಅದರೊಳಗಿದೆ. ಫ್ರಾನ್ಸಿನಲ್ಲೇ ಅಚ್ಚಾದವು, ಅಲ್ಲಿದ್ದ ಹುಡುಗರೇ ಕೊಂಡು ಮನೆಗೆ ಕಳಿಸಿದರು.

ಈಗ ಇಂಥ ಮರೆತುಹೋದ ಚಿತ್ರಗಾರನ ಬದುಕನ್ನು ಹುಡುಕೋದು ಹೇಗೆ ಅಂತೀರಾ? ಚಿತ್ರದ ಮೂಲೆಯ ರುಜುವಿನಿಂದ ಹೊರಡಬೇಕು. ಹಿಂಬದಿಯಲ್ಲಿ ಅಚ್ಚುಮನೆಯ ಹೆಸರು, ಊರು ಇರುತ್ತೆ. 'ವೀಸೆ ಪಾರಿ' ಅಂತ ಸಣ್ಣಕ್ಷರ ಕಂಡರೆ ಪ್ಯಾರಿಸಿನ ಸೆನ್ಸಾರು ನೋಡಿ ಒಪ್ಪಿದ ಕಾರ್ಡು ಅಂತ ಅರ್ಥ. ಕಳಿಸಿದವನು ತಾರೀಖು ಬರೆದಿದ್ದರಂತೂ ಹಬ್ಬ. ಆ ದಿನಕ್ಕೆ ಮುಂಚೆಯೇ ಚಿತ್ರ ಅಚ್ಚಾಗಿತ್ತು ಅಂತ ಗಟ್ಟಿಯಾಗಿ ಹೇಳಬಹುದು. ಇಂಥ ಹತ್ತಾರು ಕಾರ್ಡು ಜೋಡಿಸಿದರೆ ಯಾವ ಮಾಲೆ ಮೊದಲು, ಯಾವುದು ಆಮೇಲೆ ಅನ್ನೋದೂ ಗೊತ್ತಾಗುತ್ತೆ.

ಆಮೇಲೆ ಸರ್ಕಾರಿ ದಾಖಲೆ. ಸಂಕಟ ಶುರುವಾಗೋದೇ ಇಲ್ಲಿ. 1940ರ ಸೆಪ್ಟೆಂಬರಿನಲ್ಲಿ ಜರ್ಮನ್ ಬಾಂಬು ಬಿದ್ದು ಲಂಡನ್ನಿನ ಯುದ್ಧ ಇಲಾಖೆಯ ಉಗ್ರಾಣ ಹೊತ್ತಿಕೊಂಡಿತು. ಮೊದಲ ಯುದ್ಧದ ಸಿಪಾಯಿಗಳ ಸೇವಾ ಕಡತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸುಟ್ಟುಹೋದವು. ಉಳಿದವನ್ನೂ ಇವತ್ತಿಗೂ 'ಸುಟ್ಟ ದಾಖಲೆ' ಅಂತಲೇ ಕರೀತಾರೆ. ಪುಣ್ಯಕ್ಕೆ ಪದಕ ಕೊಟ್ಟ ಲೆಕ್ಕದ ಚೀಟಿಗಳು ಬೇರೆ ಕಡೆ ಇದ್ದವು. ಅವುಗಳ ಪ್ರತಿಗಳು ಈಗ ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಸಿಗುತ್ತವೆ. ಹೆಸರು, ಪಲ್ಟನ್, ಸಿಪಾಯಿಯ ನಂಬರು ಅದರಲ್ಲಿ ಸಿಗುತ್ತೆ. ನಂಬರಿನ ಸುಳಿವು ಹಿಡಿದು ಪಲ್ಟನಿನ ಯಾವ ದಳ ಅಂತ ಪತ್ತೆಯಾಗಿ, ಅದರ ಯುದ್ಧ ದಿನಚರಿ ತೆಗೆದರೆ ಆ ದಳ ಯಾವ ತಿಂಗಳು ಎಲ್ಲಿತ್ತು ಅಂತ ತಿಳಿಯುತ್ತೆ. ಅಲ್ಲಿಗೆ ಚಿತ್ರದ ಕೆಸರಿಗೂ ಒಂದು ಊರಿನ ಹೆಸರು ಸಿಕ್ಕಬಹುದು.

ಇಷ್ಟು ಕಷ್ಟ ಯಾಕೆ ಅಂದರೆ, ಮಕೇನನಂಥವರು ತಾವು ಉಂಡದ್ದನ್ನೇ ಬರೆದವರು. ಕಂದಕದಲ್ಲಿದ್ದವರ ಕಾಗದಗಳನ್ನು ಅಧಿಕಾರಿಗಳು ಓದಿಯೇ ಕಳಿಸ್ತಿದ್ದರು, ಮನಸ್ಸಿನ ಮಾತೆಲ್ಲ ಬರೆಯೋ ಹಾಗಿರಲಿಲ್ಲ. ಹೇಳಲಾಗದ್ದನ್ನು ಈ ಚಿತ್ರಗಳು ನಗುನಗುತ್ತಾ ಹೇಳಿ, 'ನಿಮ್ಮ ಹುಡುಗ ಹೀಗಿದಾನೆ' ಅಂತ ಅಮ್ಮಂದಿರಿಗೆ ತೋರಿಸಿದವು. ಯಾರ ಮಾತನ್ನೋ ಮನೆ ಮುಟ್ಟಿಸಿದವನ ಹೆಸರು ನಾವು ಉಳಿಸದೆ ಹೋದರೆ ಅದು ಕೃತಘ್ನತೆ.

ಅದಕ್ಕೇ ಹೇಳೋದು. ಇಂಥ ಕಾರ್ಡನ್ನು ಆಲ್ಬಮ್ಮಿಗೆ ಗೋಂದು ಹಚ್ಚಿ ಅಂಟಿಸಬೇಡಿ. ಎರಡೂ ಬದಿಯ ಫೋಟೋ ತೆಗೆದಿಟ್ಟು, ಎಲ್ಲಿಂದ ಬಂತು ಅಂತ ಒಂದು ಸಾಲು ಬರೆದಿಡಿ. ಹುಡುಕೋರಿಗೆ ಅಷ್ಟೇ ಬೇಕಾಗಿರೋದು.