ಹತ್ತೂವರೆ ಗಂಟೆಗೆ ಬಿನ್ನವತ್ತಳೆ

ವರ್ಷದ ಕೊನೆ ಬಂತೆಂದರೆ ಯಾರ್ಯಾರಿಗೋ ಶಾಲು ಹೊದಿಸುತ್ತಾರೆ, ಪೇಟ ಇಡುತ್ತಾರೆ, ಹಣ್ಣಿನ ಬುಟ್ಟಿ ಕೈಗೆ ಕೊಟ್ಟು ಫೋಟೊ ತೆಗೆಸುತ್ತಾರೆ. ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಹದಿನೆಂಟು ಚಳಿಗಾಲ ಕಳೆದ ನನಗೂ ಒಬ್ಬರನ್ನು ಸನ್ಮಾನಿಸುವ ಆಸೆಯಾಗಿದೆ. ನನ್ನ ತಾಯ್ತಂದೆಯರ ಪ್ರೀತಿ, ತಮ್ಮನ ಗೌರವ, ಗೆಳೆಯರ ವಿಶ್ವಾಸ ಇವೆಲ್ಲ ಇಂದಿಗೂ ಮುಕ್ಕಾಗದೆ ಉಳಿದಿರುವುದು ಯಾರಿಂದ ಎಂದು ಕೂತು ಯೋಚಿಸಿದೆ. ನನ್ನಿಂದಂತೂ ಅಲ್ಲ. ಎಡಿಸನ್ನಿಗೂ ಮೈಸೂರಿಗೂ ನಡುವೆ ಕಾವಲು ನಿಂತ ಹತ್ತೂವರೆ ಗಂಟೆಯಿಂದ.

ನವೆಂಬರಿನ ಮೊದಲ ಭಾನುವಾರ ಬಂದು ಮಾರ್ಚಿನ ಎರಡನೆಯ ಭಾನುವಾರದವರೆಗೆ ಈ ಮಹನೀಯರು ಪೂರ್ಣ ಮೈಯಲ್ಲಿರುತ್ತಾರೆ. ಆಮೇಲೆ ಅಮೆರಿಕದವರು ಗಡಿಯಾರ ತಿರುಗಿಸಿ ಅವರನ್ನು ಒಂಬತ್ತೂವರೆಗೆ ಇಳಿಸಿಬಿಡುತ್ತಾರೆ. ಬೇಸಿಗೆಯಿಡೀ ನನ್ನ ರಕ್ಷಣೆಯಲ್ಲಿ ಒಂದು ಗಂಟೆ ಖೋತಾ. ಇನ್ನು ಆ ಅರ್ಧ ಗಂಟೆಯ ಉಪಕಾರವನ್ನು ನೆನೆಯದಿದ್ದರೆ ಕೃತಘ್ನನಾಗುತ್ತೇನೆ. ಮಿರ್ಜಾಪುರದ ಬಳಿ ಹಾದುಹೋಗುವ 82.5 ಡಿಗ್ರಿ ರೇಖಾಂಶವನ್ನು ಹಿಡಿದು, 1906ರಲ್ಲಿ ಭಾರತದ ಗಡಿಯಾರವನ್ನು ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿಟ್ಟರಲ್ಲ, ಅವರಿಗೆ ನನ್ನಂಥವನೊಬ್ಬ ಹುಟ್ಟುತ್ತಾನೆಂದು ಗೊತ್ತಿತ್ತೋ ಏನೋ. ಬರೀ ಐದು ಎಂದಿದ್ದರೆ ಲೆಕ್ಕ ಬಾಯಲ್ಲೇ ಆಗಿಬಿಡುತ್ತಿತ್ತು. ಅರ್ಧ ಸೇರಿದ್ದರಿಂದ "ಅಯ್ಯೋ, ಟೈಮು ತಪ್ಪಿ ಲೆಕ್ಕ ಹಾಕಿದೆನಮ್ಮ" ಎನ್ನುವುದಕ್ಕೆ ಒಂದು ಮರ್ಯಾದೆ ಬಂತು.

ಕೆಲಸ ಮಾಡುವ ಬಗೆ ನೋಡಿ. ನಾನು ಬೆಳಿಗ್ಗೆ ಏಳಕ್ಕೆ ಕಾಫಿ ಕುಡಿಯುವಾಗ ಅಮ್ಮನಿಗೆ ಸಂಜೆ ಐದೂವರೆ, ದೇವಸ್ಥಾನಕ್ಕೆ ಹೊರಟಿರುತ್ತಾಳೆ. ನನ್ನ ಮಧ್ಯಾಹ್ನದ ಬಿಡುವಿನಲ್ಲಿ ಅಲ್ಲಿ ರಾತ್ರಿ ಹತ್ತು ದಾಟಿರುತ್ತದೆ, ಮಲಗಿದವರನ್ನು ಎಬ್ಬಿಸುವ ಪಾಪ ಯಾರಿಗೆ ಬೇಕು. ನನ್ನ ಸಂಜೆ ಏಳಕ್ಕೆ ಅಲ್ಲಿ ಬೆಳಗಿನ ಐದೂವರೆ, ಅದರಲ್ಲೂ ಈಗ ಧನುರ್ಮಾಸ, ಹುಗ್ಗಿಯ ಒಲೆ ಮುಂದೆ ಇರುವವಳನ್ನು ಮಾತಾಡಿಸಬಾರದು. ರಾತ್ರಿ ಹನ್ನೊಂದಕ್ಕೆ ಅವಳ ತಿಂಡಿ, ಪೂಜೆ ಎಲ್ಲ ಮುಗಿದು ನಿಜಕ್ಕೂ ಬಿಡುವಾಗಿರುತ್ತಾಳೆ. ಆದರೆ ಅಷ್ಟು ಹೊತ್ತಿಗೆ ನನಗೆ ನಿದ್ದೆ. ಹೀಗೆ ಜರಡಿ ಹಿಡಿಯುತ್ತ ಹೋದರೆ ಕೊನೆಗೆ ಉಳಿಯುವುದು ಭಾನುವಾರ ಬೆಳಿಗ್ಗೆ ಒಂಬತ್ತರ ಇಪ್ಪತ್ತು ನಿಮಿಷ. ಅವಳು ಟಿವಿಯ ಸದ್ದಡಗಿಸಿ ಚಿತ್ರ ಓಡಲು ಬಿಟ್ಟಿರುತ್ತಾಳೆ, ನಾನು ಲ್ಯಾಪ್‌ಟಾಪ್ ತೆರೆದಿರುತ್ತೇನೆ. ಲೆಕ್ಕ ಚುಕ್ತಾ. "ಈಗ ಅಲ್ಲಿ ಎಷ್ಟು ಗಂಟೆ?" ಎಂದು ಹದಿನೆಂಟು ವರ್ಷದಿಂದ ಕೇಳುತ್ತಿದ್ದಾಳೆ. ಮಾತಿಗೆ ವಿಷಯ ಸಾಲದೆ ಹೋಗದಂತೆ ನೋಡಿಕೊಂಡವರೂ ಈ ಮಹನೀಯರೇ.

ಈ ಆಸರೆ ಇಲ್ಲದವರ ಪಾಡು ತಿಳಿಯಬೇಕಾದರೆ ನನ್ನ ತಮ್ಮನನ್ನು ನೋಡಬೇಕು. ಪಾಪ, ಬೆಂಗಳೂರಿನಲ್ಲಿದ್ದಾನೆ. ಅಮ್ಮನ ಗಡಿಯಾರವೂ ಅವನ ಗಡಿಯಾರವೂ ಒಂದೇ. ಮೊದಲು ಬಿಡದಿ, ಮದ್ದೂರಿನ ಟ್ರಾಫಿಕ್ ಆದರೂ ಇತ್ತು. 2023ರಲ್ಲಿ ಹೊಸ ಹೆದ್ದಾರಿ ತೆರೆದು ಅದನ್ನೂ ಕಿತ್ತುಕೊಂಡರು. ಈ ವರ್ಷ ಅಮ್ಮನಿಗೆ ಕಣ್ಣಿನ ಪೊರೆ ತೆಗೆಸಿದಾಗ ಒಂದು ವಾರ ರಜೆ ಹಾಕಿ ಬಂದ, ದಿನಕ್ಕೆ ಆರು ಸಲ ಡ್ರಾಪ್ಸ್ ಬಿಟ್ಟ, ತಲೆಗೆ ನೀರು ಬೀಳದಂತೆ ಕಾದ. ನಾನು ಪೊರೆಯ ಬಗ್ಗೆ ಎರಡು ವಿಡಿಯೊ ಕಳಿಸಿದೆ. ಮುಂದಿನ ಭಾನುವಾರ ಫೋನಿನಲ್ಲೇ ಕೇಳಿಸಿತು, ಅಮ್ಮ ಪಕ್ಕದ ಮನೆಯವರಿಗೆ ಹೇಳುತ್ತಿದ್ದಳು: "ನಮ್ಮ ದೊಡ್ಡವನು, ಅಷ್ಟು ದೂರದಲ್ಲಿದ್ದೂ ಎಷ್ಟು ವಿಚಾರಿಸ್ಕೋತಾನೆ ನೋಡಿ!" ತಮ್ಮ ಆಗ ಅಡುಗೆಮನೆಯಲ್ಲಿ ಗಂಜಿ ಕಾಯಿಸುತ್ತಿದ್ದನಂತೆ.

ಸ್ನೇಹದ ವಿಚಾರದಲ್ಲಿ ಇವರ ಸೇವೆ ಇನ್ನೂ ದೊಡ್ಡದು. ಹಾಸ್ಟೆಲಿನ ನಾವು ಎಂಟು ಜನರಲ್ಲಿ ಒಬ್ಬ ಸಿಡ್ನಿ, ಒಬ್ಬ ದುಬೈ, ಇಬ್ಬರು ಕ್ಯಾಲಿಫೋರ್ನಿಯಾ. ಎಲ್ಲರೂ ಎಚ್ಚರವಿರುವ ಒಂದು ಗಂಟೆ ಹುಡುಕಲು ಮೂರು ವರ್ಷದಿಂದ ಪ್ರಯತ್ನ ನಡೆದಿದೆ. ಇಂಥ ಗಂಟೆ ಸಿಕ್ಕಿದ್ದರೆ ನಾವು ಮಾತಾಡಿರುತ್ತಿದ್ದೆವು, ಮಾತಿಗೆ ಮಾತು ಬೆಳೆದು ರಾಜಕೀಯಕ್ಕೆ ಬಂದು ಯಾವತ್ತೋ ಮುಖ ಮುರಿದುಕೊಂಡಿರುತ್ತಿದ್ದೆವು. ಈಗ ನೋಡಿ, ಭರಣಿಯ ಉಪ್ಪಿನಕಾಯಿಯ ಹಾಗೆ ಸ್ನೇಹ ಇಟ್ಟಲ್ಲೇ ಇದೆ. ಹಾಸನದಲ್ಲಿರುವ ಗೆಳೆಯನ ತಾಯಿ ಅಕ್ಟೋಬರಿನಲ್ಲಿ ತೀರಿಕೊಂಡರು. ಅವರ ಕೈಯ ಅಕ್ಕಿರೊಟ್ಟಿಯನ್ನು ಒಂದು ಸೆಮಿಸ್ಟರ್ ಪೂರ್ತಿ ಶನಿವಾರ ಶನಿವಾರ ತಿಂದವನು ನಾನು. ನಾನು ಏಳುವ ಹೊತ್ತಿಗೆ ಕ್ಲಾಸಿನ ಗ್ರೂಪಿನಲ್ಲಿ ನಲವತ್ತೊಂದು ಜನ ಕೈ ಮುಗಿದಿದ್ದರು. ನಲವತ್ತೆರಡನೆಯ ಜೋಡಿ ಕೈ ನಾನೂ ಇಟ್ಟೆ. ಫೋನು ಮಾಡೋಣವೆಂದರೆ ಅಲ್ಲಿ ಮಣ್ಣಿನ ಗಡಿಬಿಡಿ. ಮಾರನೆಯ ದಿನ ಅಲ್ಲಿ ರಾತ್ರಿ. ಅದರ ಮಾರನೆಯ ದಿನ ಏನಿತ್ತೋ ಮರೆತಿದೆ, ಏನೋ ಇತ್ತು.

"ಊರಿಗೆ ಯಾವಾಗ ಬರ್ತೀಯಾ?" ಎಂಬ ಪ್ರಶ್ನೆ ಮಾತ್ರ ಇವರ ವ್ಯಾಪ್ತಿಗೆ ಬರುವುದಿಲ್ಲ. ಅದನ್ನು ನೋಡಿಕೊಳ್ಳಲು, ಉದ್ಯೋಗದ ಆಧಾರದ ಗ್ರೀನ್ ಕಾರ್ಡುಗಳಲ್ಲಿ ಯಾವ ದೇಶದವರಿಗೂ ವರ್ಷಕ್ಕೆ ಸಾಮಾನ್ಯವಾಗಿ ಶೇಕಡಾ 7ಕ್ಕಿಂತ ಹೆಚ್ಚು ಇಲ್ಲವೆಂಬ ಅಮೆರಿಕದ ನಿಯಮವಿದೆ. ಅದರ ಸನ್ಮಾನ ಬರುವ ವರ್ಷ.

ಇವರ ಗುಣ ಅರಿತವನು ನಾನೊಬ್ಬನೇ ಎಂದುಕೊಂಡಿದ್ದೆ, ತಪ್ಪು. ಆಗಸ್ಟಿನಲ್ಲಿ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಹುಬ್ಬಿನ ಮೇಲೆ ಐದು ಹೊಲಿಗೆ ಬಿದ್ದಿತ್ತಂತೆ. ನನಗೆ ತಿಳಿದದ್ದು ಹೊಲಿಗೆ ಬಿಚ್ಚಿದ ಮೇಲೆ. ಯಾಕಮ್ಮ ಹೇಳಲಿಲ್ಲ ಎಂದರೆ, "ನಿನಗೆ ಮಧ್ಯರಾತ್ರಿ ಅಲ್ವೇನೋ, ನಿದ್ದೆ ಕೆಡಿಸೋದ್ಯಾಕೆ ಅಂತ ಸುಮ್ಮನಾದೆ ಕಣೋ" ಎಂದಳು. ಆ ಹತ್ತು ದಿನ ಎಡಿಸನ್ನಿನಲ್ಲಿ ಒಂದೇ ಸಮನೆ ಮಧ್ಯರಾತ್ರಿಯೇ ಇತ್ತೆಂದು ಕಾಣುತ್ತದೆ. ಆಗಸ್ಟ್ ಬೇರೆ, ಅಂತರ ಒಂಬತ್ತೂವರೆಗೆ ಇಳಿದಿದ್ದಾಗಲೇ ಇಷ್ಟು ಕೆಲಸ.

ಡಿಸೆಂಬರ್ 31 ಇವರ ದೊಡ್ಡ ಹಬ್ಬ. ಮೈಸೂರಿನಲ್ಲಿ ಹೊಸ ವರ್ಷ ಹುಟ್ಟುವುದು ನಮ್ಮ ಹಳೆಯ ವರ್ಷದ ಮಧ್ಯಾಹ್ನ ಒಂದೂವರೆಗೆ. ಆಗ ನಾನು ಓಕ್ ಟ್ರೀ ರಸ್ತೆಯ ದಿನಸಿ ಅಂಗಡಿಯಲ್ಲಿ, ಸೂರ್ತಿ ಪಾಪಡಿ ಲಿಲ್ವಾ ಎಂಬ ಗುಜರಾತಿ ಹೆಸರು ಹೊತ್ತು ಫ್ರೀಜರಿನಲ್ಲಿ ಕಲ್ಲಾಗಿ ಕೂತ ಅವರೆಕಾಳಿನ ಪೊಟ್ಟಣ ಹಿಡಿದು ಸಾಲಿನಲ್ಲಿರುತ್ತೇನೆ. ಫೋನು ಬಡಿದುಕೊಳ್ಳುತ್ತದೆ. ಒಂಬತ್ತೂವರೆಗೆಲ್ಲ ದೀಪ ಆರಿಸುವ ಅಮ್ಮ.

"ಇಷ್ಟು ಹೊತ್ತು ಎದ್ದಿದ್ದೀಯಲ್ಲಮ್ಮ?"

"ಹಾಲಿಗೆ ಹೆಪ್ಪು ಹಾಕೋದು ಮರೆತಿದ್ದೆ ಕಣೋ, ಅದಕ್ಕೇ ಎದ್ದೆ. ಎದ್ದಿದ್ದೀನಲ್ಲ ಅಂತ ಹಾಗೇ ಮಾಡಿದೆ. ಊಟ ಆಯ್ತಾ?"

"ಸಾಲಿನಲ್ಲಿದ್ದೀನಮ್ಮ, ಮತ್ತೆ ಮಾಡ್ತೀನಿ. ನೀನು ಮಲಕ್ಕೋ, ಅಲ್ಲಿ ರಾತ್ರಿ ಆಯ್ತು."

"ಹೌದೌದು. ಇಡ್ತೀನಪ್ಪ."

ವರ್ಷದ ಮುನ್ನೂರ ಅರವತ್ತೈದು ದಿನದಲ್ಲಿ, ನಾನು ಕಂಡಂತೆ, ಅಮ್ಮ ಹೆಪ್ಪು ಹಾಕುವುದನ್ನು ಮರೆಯುವುದು ಡಿಸೆಂಬರ್ 31ರಂದು ಮಾತ್ರ.