ಖೇಲ್ ರತ್ನಕ್ಕೊಂದು ಗಿಳಿಶಾಸ್ತ್ರ

ಖೇಲ್ ರತ್ನ ಯಾರಿಗೆ, ಅರ್ಜುನ ಯಾರಿಗೆ, ನಮ್ಮ ರಾಜ್ಯದ ಏಕಲವ್ಯ ಯಾರಿಗೆ ಎಂದು ಆಯ್ಕೆ ಸಮಿತಿಗಿಂತ ಮೊದಲೇ ಹೇಳಬೇಕೆ? ಮೊದಲು ಪೇಪರಿನ ಕ್ರೀಡಾಪುಟ ಓದುವುದನ್ನು ಬಿಡಿ. ಯಾರು ಗೆದ್ದರು, ಎಷ್ಟರಲ್ಲಿ ಗೆದ್ದರು ಎಂದೆಲ್ಲ ಬರೆದಿರುತ್ತಾರೆ, ಸುಮ್ಮನೆ ತಲೆ ಕೆಡುತ್ತದೆ. ಹುಬ್ಬಳ್ಳಿಯ ದುರ್ಗದಬೈಲಿಗೆ ಹೋಗಿ. ಒಂದು ಪ್ಲೇಟ್ ಗಿರ್ಮಿಟ್, ಎರಡು ಮಿರ್ಚಿ ಹೇಳಿ. ಎಣ್ಣೆ ಹತ್ತದ ಬೆರಳಿನಿಂದ, ಜನ ಏನನ್ನು ಎಷ್ಟು ಹುಡುಕಿದರು ಎಂದು ಗೆರೆ ಎಳೆದು ತೋರಿಸುವ ಗೂಗಲ್ ಟ್ರೆಂಡ್ಸ್ ತೆರೆಯಿರಿ.

ಆಟಗಾರರ ಹೆಸರು ಹಾಕಿ. ಒಮ್ಮೆಗೆ ಹಲವು ಹಿಡಿಸುತ್ತವೆ. ಯಾರ ಗೆರೆ 100 ಮುಟ್ಟಿತೋ ಅವರೇ ವಿಜೇತರು. ಈ 100 ಅಂದರೆ ನೂರು ಜನವಲ್ಲ, ನೂರು ಲಕ್ಷವೂ ಅಲ್ಲ. ಹುಡುಕಾಟ ತುತ್ತತುದಿಗೆ ಏರಿದ ಗಳಿಗೆಗೆ ಕೊಟ್ಟ ಅಂಕ, ಉಳಿದದ್ದೆಲ್ಲ ಅದಕ್ಕೆ ಹೋಲಿಸಿ ಅಳೆದದ್ದು. ಇದನ್ನು ಯಾರಿಗೂ ಹೇಳಬೇಡಿ. "ನೂರಕ್ಕ ನೂರು ಬಂದೈತ್ರಿ" ಎಂದಷ್ಟೇ ಅನ್ನಿ. ಎದುರಿಗಿದ್ದವರು ತಮ್ಮ ಎಸ್ಸೆಸ್ಸೆಲ್ಸಿ ಗಣಿತ ನೆನೆದು ಸುಮ್ಮನಾಗುತ್ತಾರೆ.

ಜನ ಯಾಕೆ ಹುಡುಕಿದರು ಎಂಬ ಗೋಜಿಗೆ ಹೋಗಬೇಡಿ. 2016ರಲ್ಲಿ ಪಿ.ವಿ. ಸಿಂಧು ರಿಯೊ ಒಲಿಂಪಿಕ್ಸ್ ಫೈನಲ್ ತಲುಪಿದಾಗ ದೇಶ ಮುಗಿಬಿದ್ದು ಹುಡುಕಿದ್ದರಲ್ಲಿ ಅವರ ಜಾತಿಯೂ ಒಂದು. ಅದನ್ನೂ ಮತವೆಂದೇ ಎಣಿಸಿ. ಸಿಂಧುಗೆ ಆ ವರ್ಷ ಖೇಲ್ ರತ್ನ ಬಂತು, ವಿಧಾನ ಗೆದ್ದಿತು. ರಿಯೊದಿಂದ ಬರಿಗೈಲಿ ಬಂದ ಶೂಟರ್ ಜೀತು ರಾಯ್‌ಗೂ ಬಂತು. ಆ ಮಾತು ಎತ್ತಬೇಡಿ.

ಅಭ್ಯಾಸಕ್ಕೆ 2024 ಒಳ್ಳೆಯ ವರ್ಷ. ಭಾರತದಲ್ಲಿ ಅತಿ ಹೆಚ್ಚು ಹುಡುಕಲ್ಪಟ್ಟ ವ್ಯಕ್ತಿ ಎಂದು ಗೂಗಲ್ಲೇ ಹೇಳಿದ ಹೆಸರು ಕುಸ್ತಿಪಟು ವಿನೇಶ್ ಫೋಗಟ್. ಖೇಲ್ ರತ್ನ ಅವರಿಗೇ ಎಂದು ಸಾರಿಬಿಡಿ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಗ್ರಾಂ ತೂಕ ಹೆಚ್ಚಾಗಿ ಅನರ್ಹರಾದರಲ್ಲ ಎಂದು ಯಾರಾದರೂ ಅಂದರೆ, "ಅದಕ್ಕ ಹುಡುಕ್ಯಾರ್ರಿ" ಎನ್ನಿ. 2020ರಲ್ಲೇ ಬಂದಿದ್ದ ಖೇಲ್ ರತ್ನವನ್ನು ಅವರು 2023ರ ಡಿಸೆಂಬರಿನಲ್ಲಿ ಪ್ರತಿಭಟನೆಯಾಗಿ ದೆಹಲಿಯ ಕರ್ತವ್ಯ ಪಥದ ಮೇಲೆ ಇಟ್ಟು ಬಂದಿದ್ದರು ಎಂದು ಇನ್ನೊಬ್ಬರು ನೆನಪಿಸಿದರೆ ಮಿರ್ಚಿ ಕಡಿಯಿರಿ. ಬಾಯಿ ಸುಡುವಾಗ ಉತ್ತರ ಕೊಡಬೇಕಿಲ್ಲ.

ಕೊನೆಗೆ ಪ್ರಶಸ್ತಿ ಬಂದದ್ದು ಗುಕೇಶ್, ಹರ್ಮನ್‌ಪ್ರೀತ್ ಸಿಂಗ್, ಪ್ರವೀಣ್ ಕುಮಾರ್, ಮನು ಭಾಕರ್ ಅವರಿಗೆ. ಗಾಬರಿಯಾಗಬೇಡಿ. ಪ್ರವೀಣ್ ಕುಮಾರ್ ಯಾರು ಎಂದು ಈಗ ಹುಡುಕಿ. ಪ್ಯಾರಾಲಿಂಪಿಕ್ಸ್ ಎತ್ತರ ಜಿಗಿತದಲ್ಲಿ ಚಿನ್ನ ಗೆದ್ದವರು. ನಿಮ್ಮಂತೆಯೇ ಎಲ್ಲರೂ ಇಂದೇ ಹುಡುಕುವುದರಿಂದ ಗೆರೆ ಮೇಲೇರುತ್ತದೆ. ಅದರ ಫೋಟೊ ತೆಗೆಯಿರಿ, ಕೆಳಗಿನ ತಾರೀಖು ಕತ್ತರಿಸಿ, "ನಾ ಮೊದಲ ಹೇಳಿದ್ದೆ" ಎಂದು ವಾಟ್ಸಾಪ್ ಗುಂಪಿಗೆ ಹಾಕಿ. ಇಡೀ ಶಾಸ್ತ್ರದಲ್ಲಿ ಎಂದೂ ತಪ್ಪದ ಹೆಜ್ಜೆ ಇದೊಂದೇ.

ನಮ್ಮ ಕಡೆಯವರ ಹೆಸರು ಬಂದಾಗ ಕೈಚಳಕ ಹೆಚ್ಚು ಬೇಕು. ಬರೀ "ಜೋಶಿ" ಎಂದು ಹಾಕಿ. ಗಾಯಕ ಭೀಮಸೇನ ಜೋಶಿ, ರಾಜಕಾರಣಿ ಪ್ರಲ್ಹಾದ ಜೋಶಿ, ಕ್ರಿಕೆಟಿಗ ಸುನಿಲ್ ಜೋಶಿ, ಮೂವರ ಹುಡುಕಾಟವೂ ಸ್ಪಿನ್ ಬೌಲಿಂಗ್ ಖಾತೆಗೆ ಜಮಾ ಆಗಲಿ. ಸುನಿಲ್ ಜೋಶಿ ಹುಡುಗರಾಗಿದ್ದಾಗ ನಸುಕಿನಲ್ಲೇ ಗದಗದಿಂದ ಹುಬ್ಬಳ್ಳಿಗೆ ಬಂದು, ಅಭ್ಯಾಸ ಮುಗಿಸಿ, ಶಾಲೆಯ ಹೊತ್ತಿಗೆ ಮರಳುತ್ತಿದ್ದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಮೇಲೆ 10 ಓವರ್ ಎಸೆದು, 6 ರನ್ ಕೊಟ್ಟು 5 ವಿಕೆಟ್ ಕಿತ್ತರು. ಆದರೆ ಟ್ರೆಂಡ್ಸ್ ಲೆಕ್ಕ ಶುರುವಾಗುವುದೇ 2004ರಿಂದ. ಹಾಗಾಗಿ ನೈರೋಬಿಯಲ್ಲಿ ಅಂದು ಏನೂ ನಡೆದಿಲ್ಲ. ಮುಂದೆ ಹೋಗಿ.

ಮಲ್ಲಕಂಬ, ಖೋಖೋ, ಗುಂಡು ಎತ್ತುವುದು ಇಂಥ ಆಟಗಳಿಗೆ ರಾಜ್ಯ ಸರ್ಕಾರ ಕ್ರೀಡಾರತ್ನ ಕೊಡುತ್ತದೆ. ಆ ಹುಡುಗ ಹುಡುಗಿಯರ ಹೆಸರು ಹಾಕಿದರೆ ಸಾಕಷ್ಟು ಮಾಹಿತಿ ಇಲ್ಲ ಎಂದು ಪರದೆ ಹೇಳುತ್ತದೆ. ಸಾಕಷ್ಟು ಸಾಧನೆ ಇಲ್ಲ ಎಂದು ಓದಿಕೊಳ್ಳಿ. ಹತ್ತಿರದ ಮೈದಾನಕ್ಕೆ ಹೋಗಿ ನೋಡುವ ಆಸೆಯಾದರೆ ಅದುಮಿಡಿ, ಬಿಸಿಲಿಗೆ ಮೊಬೈಲ್ ಪರದೆ ಸರಿಯಾಗಿ ಕಾಣುವುದಿಲ್ಲ.

ನಿಮ್ಮ ಅಕ್ಕನ ಮಗನೇ ಆಟಗಾರನೇ? ಹಾಗಾದರೆ ಗೆರೆಯನ್ನು ನೀವೇ ಎತ್ತಿ. ರಾತ್ರಿಯಿಡೀ ಒಂದೇ ಫೋನಿನಲ್ಲಿ ಅವನ ಹೆಸರು ಒತ್ತುತ್ತ ಕೂರಬೇಡಿ. ಒಬ್ಬರೇ ಮತ್ತೆ ಮತ್ತೆ ಹುಡುಕಿದ್ದನ್ನು ಟ್ರೆಂಡ್ಸ್ ತೆಗೆದುಹಾಕುತ್ತದೆ. ಓಣಿಯ ಫೋನುಗಳನ್ನೆಲ್ಲ ಒಟ್ಟು ಮಾಡಿ. ಪ್ರಶಸ್ತಿಗೆ ಅರ್ಜಿ ಹಾಕುವುದಿರುತ್ತದೆ, ಅದಕ್ಕೆ ಕೊನೆಯ ದಿನವೂ ಇರುತ್ತದೆ. ಈ ಗಡಿಬಿಡಿಯಲ್ಲಿ ಅದು ತಪ್ಪಿಹೋದರೂ ಬೇಸರ ಬೇಡ. ಗೆರೆ ಚೆನ್ನಾಗಿ ಬಂದಿರುತ್ತದೆ.

ಈ ಸಲದ ವಿಜೇತರ ಹೆಸರು ನನ್ನ ಬಳಿ ಆಗಲೇ ಸಿದ್ಧವಿದೆ. ಸಂಜೆ ದುರ್ಗದಬೈಲಿಗೆ ಬರ್ರಿ, ಪಣ ಕಟ್ಟೋಣ. ಮಿರ್ಚಿಯ ದುಡ್ಡು ಮಾತ್ರ ನೀವೇ ತನ್ನಿ. ನನ್ನ ಉದ್ರಿ ಹೋದ ವರ್ಷದಿಂದ ಹಾಗೇ ಇದೆ.