ಸುಬ್ಬಕ್ಕನ ವಿಲೀನ ಪ್ರಕರಣ

ನಮ್ಮ ಮನೆಯಲ್ಲಿ ಮಿಕ್ಸಿ ಹಾಕುವುದಕ್ಕೂ ಒಂದು ಕ್ರಮವಿದೆ. ನನ್ನ ಹೆಂಡತಿ ಜಾರಿಗೆ ಕಾಯಿತುರಿ, ಹಸಿಮೆಣಸು ತುಂಬಿ, ಮುಚ್ಚಳದ ಮೇಲೆ ಅಂಗೈ ಊರಿ, ನಡುಮನೆಯ ಕಡೆ ಮುಖ ಮಾಡಿ, "ಸುಬ್ಬಕ್ಕಾ, ಮಿಕ್ಸಿ ಹಾಕ್ತೀನಿ" ಎಂದು ಕೂಗಬೇಕು. ಸುಬ್ಬಕ್ಕ ಎದ್ದು, ಮೈಮುರಿದು, ಮಂಚದ ಕೆಳಗೆ ಸೇರಿಕೊಂಡ ಮೇಲೆಯೇ ಸ್ವಿಚ್ಚು. ಒಮ್ಮೆ ಮರೆತು ಹಾಗೇ ಹಾಕಿದ್ದಕ್ಕೆ ಅವಳು ಕಪಾಟಿನ ಹಿಂದೆ ನುಗ್ಗಿ ಸಿಕ್ಕಿಕೊಂಡಳು. ಬಿಡಿಸಲು ಕಪಾಟು ಜರುಗಿಸಿದ ನನ್ನ ಸೊಂಟ ಹಿಡಿದುಕೊಂಡಿತು. ಅವತ್ತು ಎಲ್ಲರೂ ಉಪ್ಪಿನಕಾಯಿ ನೆಂಚಿಕೊಂಡು ದೋಸೆ ತಿಂದೆವು.

ಸುಬ್ಬಕ್ಕ ಬೂದು ಬಣ್ಣದ ಬೆಕ್ಕು. ವಯಸ್ಸು 11. ಹುಟ್ಟಿದ್ದು ನಮ್ಮದೇ ಸೌದೆ ಕೊಟ್ಟಿಗೆಯಲ್ಲಿ, ಹೆದರಿದ್ದು ಉಳಿದ ಎಲ್ಲ ಕಡೆ. ಗ್ಯಾಸ್ ಸಿಲಿಂಡರ್ ಉರುಳಿಸುವ ಸದ್ದು, ನನ್ನ ಸೀನು, ಬಿಚ್ಚಿದ ಕೊಡೆ, ಕುಕ್ಕರಿನ ಮೂರನೇ ಸೀಟಿ. ಮೊದಲೆರಡು ಸೀಟಿಗೆ ಕಿವಿಯೂ ಅಲ್ಲಾಡುವುದಿಲ್ಲ, ಮೂರನೆಯದಕ್ಕೆ ಮಾತ್ರ ಯಾಕೆ ಎಂದು ಇಷ್ಟು ವರ್ಷವಾದರೂ ನನಗೆ ಗೊತ್ತಾಗಿಲ್ಲ. ಶಿವಮೊಗ್ಗದಲ್ಲಿ ಕೊಡೆಗೆ ಹೆದರುವ ಬೆಕ್ಕಾಗಿ ಹುಟ್ಟುವುದು ಪೂರ್ವಜನ್ಮದ ಕರ್ಮವೇ ಇರಬೇಕು.

ಇಂಥವಳ ಮನೆಗೆ ಕಳೆದ ಆಷಾಢದ ಒಂದು ಸಂಜೆ ಕೆಂಚ ಬಂದ. ಜಡಿಮಳೆ. ಗೇಟಿನ ಪಕ್ಕದ ಚರಂಡಿಯಿಂದ ಒಂದೇ ಸಮನೆ ಕೂಗು. ನನ್ನ ಹೆಂಡತಿ ಹೋದವಳು ಸೆರಗಿನೊಳಗೆ ಒಂದು ಮುಷ್ಟಿಯಷ್ಟು ಕೆಂಪು ಕೂದಲು ಸುತ್ತಿಕೊಂಡು ಬಂದಳು. "ಒಂದು ರಾತ್ರಿ ಇರಲಿ ರೀ." ನಮ್ಮ ಮನೆಯಲ್ಲಿ ಒಂದು ರಾತ್ರಿಗೆಂದು ಬಂದವರ ಪಟ್ಟಿ ದೊಡ್ಡದು. ಅದರಲ್ಲಿ ನನ್ನ ಚಿಕ್ಕಪ್ಪನವರೂ ಇದ್ದಾರೆ, ಒಂದು ಹೊಲಿಗೆ ಮೆಷೀನೂ ಇದೆ.

ತಪ್ಪು ಮಾಡಿದ್ದು ನಾನು. ಮರಿಯನ್ನು ಒರೆಸಿ, ಅಂಗೈ ಮೇಲೆ ಕೂರಿಸಿ, ನೇರ ಸುಬ್ಬಕ್ಕನ ಮೂಗಿನ ಮುಂದೆ ಹಿಡಿದು, "ನೋಡು, ನಿನ್ನ ತಮ್ಮ" ಎಂದೆ. ಅವಳ ಬಾಲ ಬಾಟಲಿ ತೊಳೆಯುವ ಬ್ರಷ್ಷಾಯಿತು. ಮೈ ಎರಡರಷ್ಟಾಯಿತು. ಕುಕ್ಕರು ಹೊಟ್ಟೆಯೊಳಗೇ ಇದೆಯೇನೋ ಎನ್ನುವ ಹಾಗೆ ಹಿಸ್ಸೆಂದಳು. ಮರುಕ್ಷಣ ಅಟ್ಟದ ಮೇಲೆ. ಕೆಂಚನಿಗೆ ಮಾತ್ರ ಯಾವ ಬೇಜಾರೂ ಇಲ್ಲ. ನನ್ನ ಹೆಬ್ಬೆರಳು ಚೀಪುತ್ತಿದ್ದ.

ಎರಡು ದಿನ ಅವಳು ಇಳಿಯಲಿಲ್ಲ, ತಟ್ಟೆ ಮುಟ್ಟಲಿಲ್ಲ. ಮೂರನೆಯ ದಿನ ನಾವು ಮಲಗಿದ್ದಾಗ ಇಳಿದು ಬಂದು, ನನ್ನ ಬೀಳ್ಕೊಡುಗೆಯಲ್ಲಿ ಹೊದಿಸಿದ್ದ ಶಾಲಿನ ಮೇಲೆ ಮೂತ್ರ ಮಾಡಿ ಹೋದಳು. ಮನೆಯಲ್ಲಿ ಅಷ್ಟೊಂದು ಬಟ್ಟೆಯಿದ್ದರೂ ಅದನ್ನೇ ಆರಿಸಿಕೊಂಡಿದ್ದಳು.

ಪಶು ಆಸ್ಪತ್ರೆಯ ಡಾಕ್ಟರಮ್ಮ ಮೊದಲು ಬೈದರು. ಬೆಕ್ಕು ಎರಡು ಮೂರು ದಿನ ಉಪವಾಸ ಕೂತರೆ ಲಿವರಿಗೇ ಕುತ್ತು, ನಾಯಿಯ ಹಾಗಲ್ಲ, ಮೊದಲ ದಿನವೇ ಬರಬೇಕಿತ್ತು ಎಂದರು. ಮೂತ್ರ ಪರೀಕ್ಷೆ ಮಾಡಿಸಿದರು. ಸೋಂಕಿಲ್ಲ, ಕಲ್ಲಿಲ್ಲ. "ಹೆದರಿದೆ ಸರ್, ಅಷ್ಟೇ. ವಯಸ್ಸು ಎಷ್ಟು?" ಹನ್ನೊಂದು ಎಂದೆ. ಅವರು ಬಾಯಲ್ಲೇ ಲೆಕ್ಕ ಹಾಕಿದರು. ಬೆಕ್ಕಿನ ಮೊದಲ ವರ್ಷಕ್ಕೆ ಮನುಷ್ಯನ 15, ಎರಡನೆಯದಕ್ಕೆ 9, ಆಮೇಲೆ ವರ್ಷಕ್ಕೆ ನಾಲ್ಕು ನಾಲ್ಕು. "ಅರವತ್ತು."

ಅರವತ್ತು! ನಾನು ರಿಟೈರಾದ ವಯಸ್ಸು. ವಾಪಸು ಬರುವಾಗ ಆಟೋದಲ್ಲಿ ಬುಟ್ಟಿಯೊಳಗಿನ ಸುಬ್ಬಕ್ಕನನ್ನು ಮೊದಲ ಸಲ ಸಹೋದ್ಯೋಗಿಯ ಕಣ್ಣಿನಿಂದ ನೋಡಿದೆ.

ಇಲ್ಲಿ ಸ್ವಲ್ಪ ನನ್ನ ಕಥೆ ಹೇಳಬೇಕು. ಕನ್ನಡನಾಡಿನಲ್ಲೇ ಹುಟ್ಟಿದ ನಾಲ್ಕು ಬ್ಯಾಂಕುಗಳು ನಾಲ್ಕೇ ವರ್ಷಗಳಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಮೈಸೂರು ಬ್ಯಾಂಕು 2017ರಲ್ಲಿ, ವಿಜಯಾ 2019ರಲ್ಲಿ, ಸಿಂಡಿಕೇಟು ಮತ್ತು ಕಾರ್ಪೊರೇಷನ್ನು 2020ರಲ್ಲಿ. ಎಲ್ಲವೂ ಏಪ್ರಿಲ್ ಒಂದನೇ ತಾರೀಖಿನಂದೇ. ನನ್ನದು ಇವುಗಳಲ್ಲಿ ಯಾವುದು ಎಂದು ಹೇಳುವುದಿಲ್ಲ, ಪೆನ್ಷನ್ ಬರಬೇಕು. ಬೋರ್ಡು ಇಳಿದದ್ದಕ್ಕೆ ನನಗೆ ಅಷ್ಟು ಸಂಕಟವಾಗಲಿಲ್ಲ. ಸಂಕಟವಾದದ್ದು ಇಪ್ಪತ್ತು ವರ್ಷ ಕೂತ ಕೌಂಟರಿನಲ್ಲಿ ಕೊರಳಿಗೆ ಐಡಿ ಕಾರ್ಡು ತೂಗಿಸಿಕೊಂಡ ಒಬ್ಬ ಹುಡುಗ ಕೂತು, ನನ್ನದೇ ಸ್ಟ್ಯಾಂಪ್ ಪ್ಯಾಡಿನಲ್ಲಿ ಸೀಲು ಅದ್ದುತ್ತಾ, "ಬನ್ನಿ ಅಂಕಲ್" ಎಂದಾಗ. ಪಾಪ, ಒಳ್ಳೆಯ ಹುಡುಗ. ನಾನು ಒಂದು ತಿಂಗಳು ಊಟದ ಡಬ್ಬಿ ಹಿಡಿದು ರೆಕಾರ್ಡ್ ರೂಮಿಗೆ ಹೋಗಿ, ಹಳೆಯ ಲೆಡ್ಜರುಗಳ ನಡುವೆ ಕೂತು ತಿನ್ನುತ್ತಿದ್ದೆ.

"ನೀವು ಹತ್ತಿದ್ದೂ ಅಟ್ಟವೇ ಅಲ್ವೇನ್ರೀ?" ಎಂದಳು ಹೆಂಡತಿ. ಶಾಲೇನೂ ಒದ್ದೆ ಮಾಡಲಿಲ್ಲವಲ್ಲ ಎಂದು ಹೇಳಬೇಕೆಂದುಕೊಂಡೆ. ಹೇಳಲಿಲ್ಲ.

ಡಾಕ್ಟರಮ್ಮ ಹೇಳಿಕೊಟ್ಟ ಕ್ರಮ ಸರಳವಾಗಿತ್ತು, ಆದರೆ ತಾಳ್ಮೆ ಬೇಡುವಂಥದ್ದು. ಮುಖ ತೋರಿಸುವುದು ಕೊನೆಗೆ, ಮೊದಲು ವಾಸನೆ. ಕೆಂಚನಿಗೆ ಮಗಳ ಖಾಲಿ ಕೋಣೆ ಕೊಟ್ಟು ಬಾಗಿಲು ಹಾಕಿದೆವು. ಹೇಗೂ ಹುಳದ ಔಷಧಿ, ಲಸಿಕೆ ಆಗುವವರೆಗೆ ಅವನು ಪ್ರತ್ಯೇಕವಾಗಿಯೇ ಇರಬೇಕಿತ್ತು. ಎರಡು ಬೆಕ್ಕಿಗೆ ಮೂರು ಮಣ್ಣಿನ ತಟ್ಟೆ, ಅಂದರೆ ತಲೆಗೊಂದು, ಮೇಲೊಂದು. ಯಾವ ಬ್ರಾಂಚಿನಲ್ಲೂ ಸಿಬ್ಬಂದಿಗೆ ಇಷ್ಟು ಶೌಚಾಲಯ ಇದ್ದದ್ದು ನಾನು ಕಂಡಿಲ್ಲ.

ಆಮೇಲೆ ನನ್ನ ಹಳೆಯ ಪಂಚೆ ಹರಿದು ಎರಡು ತುಂಡು. ಒಂದು ಅವಳ ಹಾಸಿಗೆಗೆ, ಒಂದು ಅವನದಕ್ಕೆ. ದಿನವೂ ಅದಲುಬದಲು. ಬೆಕ್ಕಿನ ಕೆನ್ನೆ, ಗದ್ದ, ಹಣೆಯಲ್ಲಿ ವಾಸನೆಯ ಗ್ರಂಥಿಗಳಿವೆಯಂತೆ. ಕುರ್ಚಿಯ ಕಾಲಿಗೆ, ಬಾಗಿಲಿನ ಅಂಚಿಗೆ, ನಮ್ಮ ಮೊಣಕಾಲಿಗೆ ಅದು ಕೆನ್ನೆ ಉಜ್ಜುವುದನ್ನು ನಾವು ಪ್ರೀತಿ ಎಂದುಕೊಂಡಿರುತ್ತೇವೆ. ಅರ್ಧ ಪ್ರೀತಿ ಇರಬಹುದು, ಉಳಿದರ್ಧ ಸೀಲು ಹೊಡೆಯುವುದು. ಹನ್ನೊಂದು ವರ್ಷದಿಂದ ಈ ಮನೆಯ ಪ್ರತಿ ಮೂಲೆಗೂ ಸೀಲು ಹೊಡೆದು ಚೊಕ್ಕವಾಗಿಟ್ಟಿದ್ದ ಲೆಡ್ಜರಿನಲ್ಲಿ ಒಂದು ರಾತ್ರಿ ಯಾರದೋ ಗುರುತಿಲ್ಲದ ಸಹಿ ಬಿದ್ದರೆ ಯಾವ ಹೆಡ್ ಕ್ಲರ್ಕು ಸುಮ್ಮನಿರುತ್ತಾನೆ?

ಕೆಂಚನ ಪಂಚೆ ತುಂಡನ್ನು ಅವಳು ಮೊದಲು ಹತ್ತಿರ ಬಂದು ಮೂಸಿ, ಬಾಯಿ ಅರ್ಧ ತೆರೆದು, ಹುಳಿ ಮಜ್ಜಿಗೆ ಕುಡಿದವಳಂತೆ ಮುಖ ಮಾಡಿ ನಿಂತಳು. ಅಸಹ್ಯವಲ್ಲ ಅದು. ಬೆಕ್ಕಿಗೆ ಅಂಗುಳಿನ ಮೇಲ್ಗಡೆ ವಾಸನೆ ಓದುವ ಇನ್ನೊಂದು ಅಂಗವಿದೆ, ಹೀಗೆ ಬಾಯಿ ತೆರೆದರೆ ವಾಸನೆ ಅಲ್ಲಿಗೆ ಮುಟ್ಟುತ್ತದೆ. ಅವಳು ಕಡತ ಪರಿಶೀಲಿಸುತ್ತಿದ್ದಳು. ಪರಿಶೀಲಿಸಿ, ಪಂಚೆಯ ಮೇಲೆ ಒಂದು ಪೆಟ್ಟು ಹೊಡೆದು ಹೋದಳು.

ಇನ್ನು ಊಟ. ಮುಚ್ಚಿದ ಬಾಗಿಲಿನ ಆಚೆಗೊಂದು ತಟ್ಟೆ, ಈಚೆಗೊಂದು ತಟ್ಟೆ. ಅವಳಿಗೆ ಅತಿ ಇಷ್ಟವಾದದ್ದು ಅಲ್ಲಿ ಮಾತ್ರ ಸಿಗಬೇಕು, ಆಗ ಅವನ ವಾಸನೆ ಬಂದರೆ ಒಳ್ಳೆಯದೂ ಬರುತ್ತದೆ ಎಂದು ಮನಸ್ಸಿಗೆ ನಾಟುತ್ತದೆ. ಇಷ್ಟವಾದದ್ದು ಎಂದರೆ ಬಂಗುಡೆ. ಮೂರು ತಲೆಮಾರಿನಿಂದ ಮೀನು ಬೇಯದ ಮನೆ ನಮ್ಮದು. ಕೊನೆಗೆ ಮನೆಗೆಲಸದಾಕೆಯೇ ಮೀನು ತಂದು, ಬಚ್ಚಲೊಲೆಯ ಮೇಲೆ ಹಳೆಯ ಡಾಲ್ಡಾ ಡಬ್ಬದಲ್ಲಿ ಉಪ್ಪು ಹಾಕದೆ ಬೇಯಿಸಿ, ಮುಳ್ಳು ತೆಗೆದು ಕೊಟ್ಟಳು. ನನ್ನ ಹೆಂಡತಿ ಮೂಗಿಗೆ ಸೆರಗು ಹಿಡಿದು, ಮುಖ ಆಚೆ ತಿರುಗಿಸಿ, ಅಂಗೈಯಿಂದ ತಟ್ಟೆ ಬಾಗಿಲ ಬಳಿ ತಳ್ಳುತ್ತಿದ್ದಳು. ಮೊದಲ ದಿನ ತಟ್ಟೆ ಬಾಗಿಲಿನಿಂದ ಎಂಟು ಅಡಿ ದೂರ. ದಿನಕ್ಕೆ ಒಂದು ಗೇಣು ಹತ್ತಿರ. ಹಿಸ್ಸೆಂದರೆ ಮತ್ತೆ ಎರಡು ಗೇಣು ಹಿಂದೆ. ಬಾಗಿಲಿನ ಸಂದಿಯಿಂದ ಆಗಾಗ ಒಂದು ಪುಟ್ಟ ಕೆಂಪು ಪಂಜ ಹೊರಬಂದು ನೆಲ ತಡಕುತ್ತಿತ್ತು. ಸುಬ್ಬಕ್ಕ ಅದನ್ನು, ಕ್ಯಾಷ್ ಕೌಂಟರಿನ ಕಿಂಡಿಯೊಳಗೆ ಕೈ ಹಾಕಿದ ಗಿರಾಕಿಯನ್ನು ನೋಡುವಂತೆ ನೋಡುತ್ತಿದ್ದಳು.

ಮಗಳು ಬೆಂಗಳೂರಿನಿಂದ ಫೋನಿನಲ್ಲಿ ಧೈರ್ಯ ಹೇಳಿದಳು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದಿನ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನೂ ಹೂತಿದ್ದು ಸಿಕ್ಕಿದೆಯಂತೆ. "ಅಷ್ಟು ಹಳೆ ಸಂಬಂಧ ಅಪ್ಪ, ಹೊಂದ್ಕೊಳ್ಳುತ್ತೆ ಬಿಡು." ಮನುಷ್ಯನ ಜೊತೆಗಲ್ಲವೇ ಅದು? ಬೆಕ್ಕಿನ ಪೂರ್ವಜ ಒಂಟಿಯಾಗಿ ಬೇಟೆಯಾಡುವ ಕಾಡುಬೆಕ್ಕು. ಮನುಷ್ಯನನ್ನು ಅದು ಒಂಬತ್ತೂವರೆ ಸಾವಿರ ವರ್ಷದಿಂದ ಸಹಿಸಿಕೊಂಡು ಬಂದಿದೆ, ಇನ್ನೊಂದು ಬೆಕ್ಕಿನ ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ.

ನಡುವೆ ನಾನೂ ಒಂದು ಸಂಶೋಧನೆ ಮಾಡಿದೆ. ಕಾಂಪೌಂಡಿನ ಬದಿಯಲ್ಲಿ ಕಳೆಯಂತೆ ಬೆಳೆಯುವ ಕುಪ್ಪಿಗಿಡದ ಬೇರು ಬೆಕ್ಕಿಗೆ ಅಮಲೇರಿಸುತ್ತದೆ ಎಂದು ಕೇಳಿದ್ದೆ. ಆಗತಾನೆ ಕಿತ್ತು ತಂದು ಇಟ್ಟೆ. ಸುಬ್ಬಕ್ಕ, ನಮ್ಮ ಗಂಭೀರ ಸುಬ್ಬಕ್ಕ, ಬೇರನ್ನು ಎದೆಗವುಚಿಕೊಂಡು ಉರುಳಾಡಿ, ಜೊಲ್ಲು ಸುರಿಸಿ, ಕಾಲು ಮೇಲೆ ಮಾಡಿ ಮಲಗಿದಳು. ಹೆಂಡತಿ ಹೊಸಿಲಲ್ಲಿ ನಿಂತು ನನ್ನನ್ನು ಒಂದು ಥರ ನೋಡಿದಳು.

ಅಷ್ಟರಲ್ಲಿ ನಮ್ಮ ತಂದೆಯವರ ಶ್ರಾದ್ಧ ಬಂತು. ಗುರುಗಳು ಶ್ರಾದ್ಧದ ದಿನ ಬೆಕ್ಕನ್ನು ಬುಟ್ಟಿಯಡಿ ಮುಚ್ಚಿದ್ದನ್ನು ನೋಡಿ, ಶಿಷ್ಯರು ಮುಂದೆ ಬೆಕ್ಕು ಹುಡುಕಿ ತಂದು ಮುಚ್ಚತೊಡಗಿದ ಕಥೆ ಎಲ್ಲರಿಗೂ ಗೊತ್ತು. ನಾವು ಮುಚ್ಚಿದ್ದು ಶಾಸ್ತ್ರಕ್ಕಲ್ಲ, ಗತ್ಯಂತರವಿಲ್ಲದೆ. ಮಗಳ ಕೋಣೆಯಲ್ಲಿ ನೆಂಟರ ಬ್ಯಾಗು, ಮಕ್ಕಳು. ಕೆಂಚನನ್ನು ಹಿಂದಿನ ಜಗುಲಿಯಲ್ಲಿ ಬಿದಿರಿನ ಹೆಡಿಗೆಯ ಕೆಳಗೆ ಹಾಕಿ, ಮೇಲೊಂದು ಕಲ್ಲು ಇಟ್ಟೆ. ಪುರೋಹಿತರು ಎಳ್ಳು ನೀರು ಬಿಡಿಸುತ್ತಿರುವಾಗ ನನ್ನ ಕಣ್ಣು ಅತ್ತಲೇ. ಜನರ ಗದ್ದಲಕ್ಕೆ ಅಟ್ಟ ಬಿಟ್ಟು ಹಿಂದಿನ ಬಾಗಿಲಿನತ್ತ ಓಡಿದ ಸುಬ್ಬಕ್ಕ ಹೆಡಿಗೆಯ ಎದುರು ಗಕ್ಕನೆ ನಿಂತಳು. ಒಂದು ಸುತ್ತು ಬಂದಳು. ಹೆಣಿಗೆಯ ಸಂದಿಗೆ ಮೂಗು ಇಟ್ಟಳು. ಒಳಗಿನಿಂದ ಇನ್ನೊಂದು ಮೂಗು. ಹಿಸ್ಸೆನ್ನಲಿಲ್ಲ. ಅಲ್ಲೇ ಎರಡು ಮೊಳ ದೂರದಲ್ಲಿ ಕೂತು, ಕಾಲು ನೆಕ್ಕಿಕೊಳ್ಳತೊಡಗಿದಳು. "ಯಜಮಾನರೇ, ಅಪಸವ್ಯ" ಎಂದು ಪುರೋಹಿತರು ಎರಡು ಸಲ ಹೇಳಬೇಕಾಯಿತು. ಡಾಕ್ಟರಮ್ಮ ಜಾಲರಿ ಬಾಗಿಲು ಮಾಡಿಸಿ ಎಂದಿದ್ದರು, ಬಡಗಿ ಎರಡು ಸಾವಿರ ಕೇಳಿದ್ದ. ಹೆಡಿಗೆಯಲ್ಲೇ ಕೆಲಸ ಆಯಿತು. ಅಪ್ಪನಿಗೂ ದುಂದುವೆಚ್ಚ ಆಗುತ್ತಿರಲಿಲ್ಲ.

ಅದಾದ ಮೇಲೆ ಬಾಗಿಲು ದಿನಕ್ಕೆ ಹತ್ತು ನಿಮಿಷ ತೆರೆಯಿತು, ಆಮೇಲೆ ಅರ್ಧ ಗಂಟೆ. ನಾನು ಕಾವಲಿಗೆ. ಜಗಳ ಎರಡು ಸಲ ಆಯಿತು, ರಕ್ತ ಬರಲಿಲ್ಲ. ಒಂದು ವಿಷಯದಲ್ಲಿ ಮಾತ್ರ ನಾನು ಬಿಗಿಯಾಗಿದ್ದೆ. ರಿಟೈರಾಗುವಾಗ ಹರಾಜಿನಲ್ಲಿ ಕೊಂಡು ತಂದ ನನ್ನ ಹಳೆಯ ಬ್ಯಾಂಕಿನ ಕುರ್ಚಿ ಇದೆ, ಒಂದು ಚಕ್ರವಿಲ್ಲದ್ದು. ಅದು ಸುಬ್ಬಕ್ಕನದು. ಕೆಂಚ ಹತ್ತಿದಾಗಲೆಲ್ಲ ಎತ್ತಿ ಕೆಳಗಿಟ್ಟೆ. ಊಟದ ತಟ್ಟೆಯೂ ಮೊದಲು ಅವಳಿಗೆ, ತಲೆ ಸವರುವುದೂ ಮೊದಲು ಅವಳನ್ನು. ಹೊಸಬನನ್ನು ಮುದ್ದಿಸಲು ಊರೆಲ್ಲ ಇರುತ್ತದೆ.

ನಾಲ್ಕು ತಿಂಗಳಾದವು. ಅಪ್ಪಿಕೊಂಡು ಮಲಗುತ್ತಾರೆಯೇ ಎಂದು ಮಗಳು ಕೇಳುತ್ತಾಳೆ. ಇಲ್ಲ. ಅವಳು ಕುರ್ಚಿಯ ಮೇಲೆ, ಅವನು ಕುರ್ಚಿಯ ಕೆಳಗೆ. ಜೋತು ಬಿದ್ದ ಅವಳ ಬಾಲಕ್ಕೆ ಅವನು ಒಂದು ಪೆಟ್ಟು ಕೊಡುತ್ತಾನೆ, ಅವಳು ಬಾಲ ಮೇಲೆಳೆದುಕೊಳ್ಳುತ್ತಾಳೆ. ಅಷ್ಟೇ ವ್ಯವಹಾರ.

ಕೆಂಚನಿಗೆ ಮಿಕ್ಸಿ ಎಂದರೆ ಭಯವೇ ಇರಲಿಲ್ಲ. ಬಂದ ಹೊಸದರಲ್ಲಿ ಅದರ ವೈರಿನ ಜೊತೆ ಆಡುತ್ತಿದ್ದ. ಈಗ ಬೆಳಗ್ಗೆ ಹೆಂಡತಿ "ಸುಬ್ಬಕ್ಕಾ, ಮಿಕ್ಸಿ ಹಾಕ್ತೀನಿ" ಎಂದು ಕೂಗಿದರೆ ಸುಬ್ಬಕ್ಕ ಕುರ್ಚಿಯಿಂದ ಇಳಿದು ಮಂಚದ ಕೆಳಗೆ ಹೋಗುತ್ತಾಳೆ. ಅವನೂ ಎದ್ದು, ಅವಳಂತೆಯೇ ಮೈಮುರಿದು, ಬಾಲ ಇಳಿಬಿಟ್ಟು, ಎರಡು ಮಾರು ಹಿಂದೆ ಹೋಗಿ ಅಲ್ಲೇ ಕೂರುತ್ತಾನೆ. ಚಟ್ನಿ ನುಣ್ಣಗಾಗುವವರೆಗೆ ಮಂಚದಡಿಯ ಕತ್ತಲೆಯಲ್ಲಿ ನಾಲ್ಕು ಕಣ್ಣು ಹೊಳೆಯುತ್ತಿರುತ್ತವೆ. ಸದ್ದು ನಿಂತ ಮೇಲೆ ಮೊದಲು ಅವಳು ಹೊರಗೆ ಬರುತ್ತಾಳೆ. ಒಂದು ನಿಮಿಷ ಬಿಟ್ಟು ಅವನು.